ಸೀಟಿಗಾಗಿ ಒಂದು ಬಂದೂಕು

ಡೆಲ್ಬರ್ಟ್ ಹೂವ್ಲರನ ಹೊಟ್ಟೆಗೆ ಕಿಚ್ಚಿಟ್ಟದ್ದು ಒಂದು ಹಿತ್ತಾಳೆಯ ಸೀಟಿ. ಹೆಬ್ಬೆರಳಿನಷ್ಟು ಗಾತ್ರದ್ದು, ಹಳೆಯದು, ಒಂದು ಪಕ್ಕ ತಗ್ಗು ಬಿದ್ದದ್ದು. ಮಾರಲು ಹೋದರೆ ಒಂದು ಲೋಟ ಕಾಫಿಯೂ ಹುಟ್ಟುತ್ತಿರಲಿಲ್ಲ. ಆದರೆ ಅದು ನೇತಾಡುತ್ತಿದ್ದದ್ದು ಪಕ್ಕದ ಮನೆಯ ಕ್ಲೆಮೆಂಟ್ ಕೊಪ್ಚಾಕನ ಕೊರಳಲ್ಲಿ. ತೊಂದರೆಯೆಲ್ಲ ಅಲ್ಲೇ ಇತ್ತು.

ಸ್ಟೋನಿ ಫೋರ್ಕಿನಲ್ಲಿ ಭಾನುವಾರ ಚರ್ಚು ಮುಗಿದರೆ ಅರ್ಧ ಊರು ಬಂದೂಕಿನ ಕ್ಲಬ್ಬಿಗೆ ಹೋಗುತ್ತದೆ. ಕಲ್ಲು ತೆಗೆದು ಬಿಟ್ಟ ಹಳೆಯ ಗಣಿ, ಎದುರಿಗೆ ಮಣ್ಣಿನ ದೊಡ್ಡ ದಿಬ್ಬ, ಈಚೆಗೆ ತಗಡಿನ ಮಾಡು, ಅದರ ಕೆಳಗೆ ಮೇಜುಗಳ ಸಾಲು, ಮೇಜುಗಳ ಹಿಂದೆ ನೆಲದ ಮೇಲೆ ಬಳಿದ ಹಳದಿ ಗೆರೆ. ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ ತೊಟ್ಟ ಕ್ಲೆಮೆಂಟ್, ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ಆ ತುದಿಯಿಂದ ಈ ತುದಿಗೆ ರಾಜನ ಹಾಗೆ ಅಡ್ಡಾಡುತ್ತಿದ್ದ. ಅವನು ಒಂದು ಸಲ ಸೀಟಿ ಊದಿದರೆ ಗುಂಡು ತುಂಬಬೇಕು. ಎರಡು ಸಲ ಊದಿದರೆ ಹೊಡೆಯಬೇಕು. ಉದ್ದಕ್ಕೆ ಊದಿದನೋ, ಯಾರೇ ಆಗಿರಲಿ, ಬಂದೂಕು ಖಾಲಿ ಮಾಡಿ ಮೇಜಿನ ಮೇಲಿಟ್ಟು ಹಳದಿ ಗೆರೆಯ ಹಿಂದೆ ಹೋಗಿ ನಿಲ್ಲಬೇಕು. ಪಾದ್ರಿಯವರು ನಿಲ್ಲುತ್ತಿದ್ದರು. ಶೆರೀಫ್ ಸಾಹೇಬರು ನಿಲ್ಲುತ್ತಿದ್ದರು. ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುವ ಡೆಲ್ಬರ್ಟನನ್ನು ವಾರವಿಡೀ ಗದರಿಸುವ ಅವನ ಮೇಲಧಿಕಾರಿಯೂ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದ.

ಅದನ್ನೆಲ್ಲ ಡೆಲ್ಬರ್ಟ್ ಹೇಗೋ ನುಂಗಿಕೊಳ್ಳುತ್ತಿದ್ದ. ನುಂಗಲಾಗದೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಅವನ ಹೆಂಡತಿ ಅರ್ಲೀನ್ ನಿಲ್ಲುತ್ತಿದ್ದದ್ದು. ಮದುವೆಯಾದಾಗಿನಿಂದ ಗಂಡ 'ಸ್ವಲ್ಪ ಆ ಕಡೆ ಸರಿ' ಎಂದರೆ ಸೋಫಾದ ಮೇಲೆ ಒಂದಂಗುಲ ಅಲುಗದ ಹೆಂಗಸು ಅವಳು. ಅಂಥವಳು ಕ್ಲೆಮೆಂಟ್ ಊದಿದ ಕೂಡಲೇ ಶಾಲೆಯ ಹುಡುಗಿಯ ಹಾಗೆ ಹಿಂದಕ್ಕೆ ಜಿಗಿದು, ಕಾಲುಗಳೆರಡನ್ನೂ ಜೋಡಿಸಿ, ಗೆರೆಯ ಹಿಂದೆ ನಿಂತುಬಿಡುತ್ತಿದ್ದಳು!

"ನಾನು ಹೇಳಿದ್ರೆ ಮಾತ್ರ ನಿನ್ನ ಕಿವಿಗೆ ಬೀಳಲ್ಲ, ಅಲ್ವಾ?" ಎಂದು ಡೆಲ್ಬರ್ಟ್ ಒಮ್ಮೆ ಕೇಳಿಯೇಬಿಟ್ಟಿದ್ದ.

"ನೀನೂ ಒಂದು ಸಲ ಸೀಟಿ ಗೆದ್ದುಕೊಂಡು ಬಾ. ಆಗ ಕೇಳ್ತೀನಿ," ಎಂದಿದ್ದಳು ಅರ್ಲೀನ್, ಹೆಣೆಯುತ್ತಿದ್ದ ಕಾಲುಚೀಲದಿಂದ ಕಣ್ಣೆತ್ತದೆ.

ಸೀಟಿ ಗೆದ್ದೇ ಪಡೆಯುವಂಥದ್ದು. ವರ್ಷಕ್ಕೊಮ್ಮೆ, ಸೆಪ್ಟೆಂಬರಿನ ಕೊನೆಯ ಶನಿವಾರ, ಕ್ಲಬ್ಬಿನಲ್ಲಿ ಪಂದ್ಯ. ದಿಬ್ಬದ ಮುಂದೆ ಹತ್ತು ಕಬ್ಬಿಣದ ತಟ್ಟೆಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಕೊಟ್ಟ ಹೊತ್ತಿನೊಳಗೆ ಯಾರು ಹೆಚ್ಚು ಉರುಳಿಸುತ್ತಾರೋ ಅವರಿಗೆ ಒಂದು ವರ್ಷ ಕಿತ್ತಳೆ ಅಂಗಿ, ಒಂದು ವರ್ಷ ಸೀಟಿ. ನಾಲ್ಕು ವರ್ಷದಿಂದ ಎರಡೂ ಕ್ಲೆಮೆಂಟನ ಮನೆ ಬಿಟ್ಟು ಕದಲಿರಲಿಲ್ಲ.

ಈ ಸಲದ ಪಂದ್ಯದ ದಿನ ಬೆಳಗ್ಗೆ ಡೆಲ್ಬರ್ಟ್ ಕಸದ ಡಬ್ಬ ಇಡಲು ಹೊರಗೆ ಬಂದ. ಬೇಲಿಯಾಚೆ ತನ್ನ ಜಗಲಿಯಲ್ಲಿ ಕುಳಿತು ಕ್ಲೆಮೆಂಟ್ ಬಂದೂಕನ್ನು ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದ. ತಾನಾಗಿಯೇ ಗುಂಡು ಏರಿಸಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ಅದು. ಬೆರಳು ಒತ್ತಿದಷ್ಟು ಸಲ ಒಂದೊಂದೇ ಗುಂಡು, ನಡುವೆ ಕೈಗೆ ಬೇರೆ ಕೆಲಸವಿಲ್ಲ.

"ಏನು ಡೆಲ್, ಇವತ್ತೂ ನಿಮ್ಮಪ್ಪನ ಬಂದೂಕೇನಾ?" ಕ್ಲೆಮೆಂಟ್ ಕೇಳಿದ.

"ಯಾಕೆ, ಅದಕ್ಕೇನಾಗಿದೆ?"

"ಏನೂ ಆಗಿಲ್ಲಪ್ಪ, ಒಳ್ಳೇ ಬಂದೂಕು. ನೀನು ಒಂದು ಹೊಡೆದು, ಅಗುಳಿ ಎಳೆದು, ತಳ್ಳಿ, ಇನ್ನೊಂದು ಹೊಡೆಯೋ ಹೊತ್ತಿಗೆ ನಾನು ತಟ್ಟೆನೆಲ್ಲ ಮಲಗಿಸಿ ಡಾಟಿ ಮಾಡಿದ ಸೇಬಿನ ಪೈ ತಿಂತಾ ಇರ್ತೀನಿ. ಅಷ್ಟೇ ವ್ಯತ್ಯಾಸ."

"ಮನಸ್ಸು ಮಾಡಿದ್ರೆ ನಾನೂ ಹೊಸದು ತಗೋಬಲ್ಲೆ."

"ತಗೋಬಲ್ಲೆ, ಯಾರು ಬೇಡ ಅಂದ್ರು?" ಕ್ಲೆಮೆಂಟ್ ನಳಿಕೆಯ ಮೇಲೆ ಊದಿ ಮತ್ತೊಮ್ಮೆ ಒರೆಸಿದ. "ಆದರೆ ನಿನಗ್ಯಾಕೆ ಬಿಡು ಆ ತಾಪತ್ರಯ. ಕೆಲವರು ಊದೋಕೆ ಹುಟ್ಟಿರ್ತಾರೆ. ಕೆಲವರು ಗೆರೆ ಹಿಂದೆ ನಿಲ್ಲೋಕೆ ಹುಟ್ಟಿರ್ತಾರೆ."

ಅಡುಗೆಮನೆಯ ಕಿಟಕಿಯಿಂದ ಅರ್ಲೀನ್ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಡೆಲ್ಬರ್ಟನ ಹೊಟ್ಟೆ ಹಂದಿಮಾಂಸ ಹುರಿಯುವ ಬಾಣಲೆಯ ಹಾಗೆ ಚುರುಗುಟ್ಟಿತು. ಕಸದ ಡಬ್ಬವನ್ನು ಅಲ್ಲೇ ಬಿಟ್ಟು ಟ್ರಕ್ಕಿನ ಬೀಗದ ಕೈ ಹಿಡಿದು ಹೊರಟ.

"ಎಲ್ಲಿಗೆ? ಮೊಟ್ಟೆ ಆರ್ತಾ ಇದೆ!" ಅರ್ಲೀನ್ ಕೂಗಿದಳು.

"ಎರೆಹುಳ ತರೋಕೆ!"

"ಪಂದ್ಯದ ದಿನ ಎರೆಹುಳನಾ?"

ಟ್ರಕ್ಕು ಆಗಲೇ ತಿರುವು ದಾಟಿತ್ತು.

ಎರೆಹುಳ ಎಂದದ್ದು ಪೂರ್ತಿ ಸುಳ್ಳೇನಲ್ಲ. ಬರ್ನಿಸಳ ಅಂಗಡಿಯಲ್ಲಿ ಒಂದು ಕಡೆ ಹಾಲಿನ ಪಕ್ಕದಲ್ಲೇ ಎರೆಹುಳದ ಡಬ್ಬಿಗಳು, ಇನ್ನೊಂದು ಕಡೆ ಗೋಡೆಯುದ್ದಕ್ಕೂ ಪೊರಕೆಗಳ ಹಾಗೆ ಒರಗಿ ನಿಂತ ಬಂದೂಕುಗಳು. ನಡುವೆ ಒಲೆ, ಒಲೆಯ ಮೇಲೆ ಕಾಫಿ, ಒಲೆಯ ಮುಂದಿನ ಬೆಂಚಿನ ಮೇಲೆ ಇಬ್ಬರು. ಒಬ್ಬ ವಾಲ್ಟ್, ಅಂಚೆ ಕಚೇರಿಯಿಂದ ನಿವೃತ್ತನಾದವನು, ಊರಿನವರ ಪತ್ರಗಳನ್ನು ಹಂಚಿ ಹಂಚಿ ಊರಿನವರ ವಿಷಯವೆಲ್ಲ ತನ್ನದೇ ಎಂದುಕೊಂಡವನು. ಇನ್ನೊಬ್ಬಳು ಡಾಟಿ, ಚರ್ಚಿನಲ್ಲಿ ಆರ್ಗನ್ ನುಡಿಸುವವಳು. ಪೈ ಮಾಡುವುದರಲ್ಲಿ ಎತ್ತಿದ ಕೈ, ಬಂದೂಕಿನಲ್ಲಿ ಅದಕ್ಕಿಂತ.

ಡೆಲ್ಬರ್ಟ್ ಇಬ್ಬರಿಗೂ ಬೆನ್ನು ಮಾಡಿ, ಕಟ್ಟೆಯ ಮೇಲೆ ಬಗ್ಗಿ, ಮೆಲ್ಲಗೆ ಹೇಳಿದ, "ಬರ್ನಿಸ್, ಒಂದು ಬಂದೂಕು ನೋಡಬೇಕಿತ್ತು. ತಾನಾಗಿ ತುಂಬಿಕೊಳ್ಳೋದು."

"ಡೆಲ್ ಸೆಮಿ ಆಟೊಮ್ಯಾಟಿಕ್ ತಗೋತಾನಂತೆ!" ಎಂದ ವಾಲ್ಟ್, ಕಾಫಿ ಚೆಲ್ಲಿಕೊಂಡು ಎದ್ದು ನಿಂತು. ಡಾಟಿಯೂ ಎದ್ದಳು. ಇಬ್ಬರೂ ಬಂದು ಅವನ ಎಡಬಲಕ್ಕೆ ನಿಂತರು, ಮದುವೆಯಲ್ಲಿ ಗಂಡಿನ ಕಡೆಯವರು ನಿಂತ ಹಾಗೆ.

ಬರ್ನಿಸ್ ಕನ್ನಡಕ ಏರಿಸಿದಳು. "ಯಾತಕ್ಕೆ ಬೇಕು ಹೇಳು. ಅಳಿಲಿಗಾ? ಹಿತ್ತಿಲಲ್ಲಿ ಖಾಲಿ ಡಬ್ಬಿ ಹೊಡೆಯೋಕಾ? ತಟ್ಟೆಗಾ?"

"ಕ್ಲೆಮೆಂಟ್‌ದಕ್ಕಿಂತ ಒಂದು ಕೈ ಮೇಲಿರಬೇಕು."

"ಆ ಅಳತೆಯಲ್ಲಿ ಯಾರೂ ತಯಾರು ಮಾಡಲ್ಲ ಕಣಯ್ಯ."

ಡೆಲ್ಬರ್ಟನ ಕಣ್ಣು ಆಗಲೇ ಗೋಡೆಯ ಮೇಲಿನ ಒಂದು ಕರಿ ಬಂದೂಕಿನ ಮೇಲೆ ನೆಟ್ಟಿತ್ತು. ಅದಕ್ಕೆ ಮೈಯೆಲ್ಲ ಹಲ್ಲು, ಕೊಕ್ಕೆ, ತೂತು. ದೀಪ ಸಿಕ್ಕಿಸಲು ಒಂದು ಜಾಗ, ಊರಿ ನಿಲ್ಲಿಸುವ ಕಾಲು ಸಿಕ್ಕಿಸಲು ಒಂದು ಜಾಗ, ಯಾತಕ್ಕೆಂದು ತಿಳಿಯದ ಇನ್ನೂ ಮೂರು ಜಾಗ. ಇದನ್ನು ಹೆಗಲಿಗೇರಿಸಿ ಬೇಲಿಯ ಪಕ್ಕ ನಡೆದುಹೋದರೆ ಕ್ಲೆಮೆಂಟ್ ಎಣ್ಣೆಬಟ್ಟೆಯನ್ನು ಬಾಯಿಗೆ ತುರುಕಿಕೊಳ್ಳಬೇಕು!

"ಅದು ಕೊಡಿ," ಎಂದ.

ಬರ್ನಿಸ್ ಇಳಿಸಿದಳು, ಗುಂಡಿನ ಕೋಣೆ ತೆರೆದು ತಾನು ನೋಡಿದಳು, ಡಾಟಿಗೂ ತೋರಿಸಿದಳು, ಖಾಲಿಯೆಂದು ಇಬ್ಬರೂ ಒಪ್ಪಿದ ಮೇಲೆ ಅವನ ಕೈಗಿಟ್ಟಳು. ಡೆಲ್ಬರ್ಟನ ಕೈ ಎಳಗರುವನ್ನು ಎತ್ತಿಕೊಂಡಂತೆ ಕುಸಿಯಿತು.

"ಹಿಂದಿನ ಗೋಡೆ ಮೇಲೆ ಕ್ಯಾಲೆಂಡರ್ ಇದೆ, ನೋಡ್ಕೋ," ಎಂದಳು ಡಾಟಿ. "ಈಗ ಕಣ್ಣು ಮುಚ್ಚು. ಹಾಗೇ ಭುಜಕ್ಕೆ ಏರಿಸು. ಕೆನ್ನೆ ಇಡು. ಈಗ ಕಣ್ಣು ಬಿಡು. ಎದುರಿಗೆ ಏನು ಕಾಣ್ತಾ ಇದೆ?"

"ನೆಲ."

"ನಿನ್ನ ಅಳತೆದಲ್ಲ. ವಾಪಸ್ ಕೊಡು."

"ಮರದ ಹಿಡಿ ಇರೋದು ಕೊಡಿ ಬರ್ನಿಸ್," ಎಂದ ವಾಲ್ಟ್. "ಪ್ಲಾಸ್ಟಿಕ್ಕು ಹಿಡ್ಕೊಂಡ್ರೆ ನೀರಿನ ಪೈಪು ಹಿಡ್ಕೊಂಡ ಹಾಗಿರುತ್ತೆ. ಮರ ಅಂದ್ರೆ ಮರ."

ಮರದ್ದು ಬಂತು. ಕೆಂಪಗೆ ಹೊಳೆಯುವ ಅಕ್ರೋಟ್ ಮರ, ನೋಡಿದರೆ ಮುದ್ದು ಮಾಡಬೇಕೆನಿಸುತ್ತಿತ್ತು. ಡೆಲ್ಬರ್ಟ್ ಕಣ್ಣು ಮುಚ್ಚಿ ಏರಿಸಿ, ಕಣ್ಣು ಬಿಟ್ಟ.

"ಏನು ಕಾಣ್ತು?"

"ನನ್ನ ಹೆಬ್ಬೆರಳು."

"ಹಿಂಬದಿ ಉದ್ದ ಆಯ್ತು. ನಿನ್ನ ಕೈ ಗಿಡ್ಡ," ಎಂದಳು ಡಾಟಿ, ಕೇಕಿಗೆ ಸಕ್ಕರೆ ಕಡಿಮೆಯಾಯಿತು ಎನ್ನುವಷ್ಟು ಸಹಜವಾಗಿ.

ಮೂರನೆಯದು ಬಂದಾಗ ಡೆಲ್ಬರ್ಟನಿಗೆ ಅಳು ಬರುವುದೊಂದು ಬಾಕಿ. ಬೂದು ಬಣ್ಣದ, ಗಿಡ್ಡನೆಯ, ಅಲಂಕಾರವೇ ಇಲ್ಲದ ಬಂದೂಕು. ಶೆಡ್ಡಿನ ಮೂಲೆಯಲ್ಲಿ ಬಿದ್ದಿರುವ ಸಾಮಾನಿನಂತಿತ್ತು. ಆದರೂ ಡಾಟಿಯ ಮಾತು ಮೀರಲಾರದೆ ಕಣ್ಣು ಮುಚ್ಚಿ ಏರಿಸಿದ. ಕಣ್ಣು ಬಿಟ್ಟರೆ ಗುರಿಮೊನೆ ನೇರ ಕ್ಯಾಲೆಂಡರಿನ ಇಪ್ಪತ್ತೇಳನೇ ತಾರೀಕಿನ ಮೇಲೆ ಕುಳಿತಿತ್ತು. ಅಲುಗಲೂ ಇಲ್ಲ.

"ಕೂತಿತು!" ಎಂದು ಮೂವರೂ ಒಟ್ಟಿಗೆ ಉಸಿರು ಬಿಟ್ಟರು.

"ಆದರೆ ಇದು... ನೋಡೋಕೆ..." ಡೆಲ್ಬರ್ಟ್ ಕರಿಯದರ ಕಡೆ ಆಸೆಯಿಂದ ನೋಡಿದ. "ಇದು ಕ್ಲೆಮೆಂಟ್‌ದಕ್ಕಿಂತ ಮೇಲಾ?"

ವಾಲ್ಟ್ ಡಾಟಿಯ ಮುಖ ನೋಡಿದ. ಡಾಟಿ ಬರ್ನಿಸಳ ಮುಖ ನೋಡಿದಳು.

"ಮೇಲಾ ಅಂದ್ರೆ?" ಎಂದ ವಾಲ್ಟ್. "ಕ್ಲೆಮೆಂಟ್ ಇದನ್ನ ನೋಡಿದ್ರೆ ಒಂದು ವಾರ ಅವನಿಗೆ ಊಟ ಸೇರಲ್ಲ."

ಅಷ್ಟು ಸಾಕಾಗಿತ್ತು. ಬರ್ನಿಸ್ ಫೋನು ಹಚ್ಚಿ ಪೊಲೀಸರ ಕಡೆಯಿಂದ ಒಪ್ಪಿಗೆ ಕೇಳಿದಳು. "ನಿನ್ನ ಹೆಸರಲ್ಲಿ ಒಂದು ಕೇಸೂ ಇಲ್ವಂತೆ. ಇಷ್ಟು ಸಪ್ಪೆ ಮನುಷ್ಯ ಅಂತ ನನಗೂ ಗೊತ್ತಿರಲಿಲ್ಲ," ಎಂದು ಫೋನಿಟ್ಟು, ಕೇಳದೆಯೇ ಬೆಲೆಯನ್ನೂ ಇಳಿಸಿದಳು. ಇಪ್ಪತ್ತು ವರ್ಷದಿಂದ ಒಂದು ಎರೆಹುಳವನ್ನೂ ಕೊಸರು ಹಾಕದ ಬರ್ನಿಸ್! ವಾಲ್ಟ್ ತನ್ನ ಕೋಟಿನ ಜೇಬಿನಿಂದ ಅದೇ ಬಂದೂಕಿಗೆ ಸಿಕ್ಕಿಸುವ, ಗುಂಡು ತುಂಬುವ ಎರಡು ಪೆಟ್ಟಿಗೆ ತೆಗೆದು ಕೊಟ್ಟ. ಡಾಟಿ ಹೊರಗೆ ಹೋಗಿ, ತನ್ನ ಕಾರಿನಲ್ಲಿದ್ದ ಬಂದೂಕಿನಿಂದ ಕೆಂಪು ಚುಕ್ಕೆ ತೋರಿಸುವ ಗುರಿಗಾಜನ್ನು ಬಿಚ್ಚಿಕೊಂಡು ಬಂದು ಇವನದಕ್ಕೆ ತಾನೇ ತಿರುಪು ಬಿಗಿದಳು.

"ಇವತ್ತು ನೀವೂ ಹೊಡೀಬೇಕಲ್ಲ ಡಾಟಿ?"

"ನನ್ನ ಕಣ್ಣಿಗೆ ಅದು ಆಗಿಬರಲ್ಲಪ್ಪ," ಎಂದಳು ಡಾಟಿ. ಹೋದ ಭಾನುವಾರವಷ್ಟೇ, ದಾರದಲ್ಲಿ ನೇತುಹಾಕಿದ ಬಿಸ್ಕತ್ತನ್ನು ಅದೇ ಗಾಜಿನಲ್ಲಿ ನೋಡಿ ಪುಡಿ ಮಾಡಿದವಳು ಅವಳು.

ಡೆಲ್ಬರ್ಟನ ಎದೆ ತುಂಬಿ ಬಂತು. ಕ್ಲೆಮೆಂಟನ ದರ್ಬಾರಿನಿಂದ ಊರೇ ಬೇಸತ್ತಿದೆ, ಬಿಡುಗಡೆ ತರಲು ತನ್ನನ್ನು ಕಳಿಸುತ್ತಿದೆ ಎಂದುಕೊಂಡ. ಮನೆಯಲ್ಲಿ ಸುಳ್ಳುಗಾರನಾಗಬಾರದೆಂದು ಒಂದು ಡಬ್ಬಿ ಎರೆಹುಳವನ್ನೂ ಕೊಂಡ.

ಕ್ಲಬ್ಬಿನಲ್ಲಿ ಪಂದ್ಯಕ್ಕೆ ಮೊದಲು ಗುರಿ ಸರಿಮಾಡಿಕೊಳ್ಳಲು ಎಲ್ಲರಿಗೂ ಸಮಯ. ಅರ್ಲೀನ್ ಆಗಲೇ ಬಂದು ಹುರುಳಿ ಹಾಕಿದ ಸೂಪಿನ ಹಂಡೆಯ ಹತ್ತಿರ ಸೌಟು ಹಿಡಿದು ನಿಂತಿದ್ದಳು. ಗಂಡನ ಕೈಯಲ್ಲಿದ್ದ ಉದ್ದನೆಯ ಪೆಟ್ಟಿಗೆ ನೋಡಿದಳು.

"ಎರೆಹುಳ ಬಹಳ ಉದ್ದ ಸಿಕ್ಕಿದೆಯಲ್ಲ," ಎಂದಳು.

ಡೆಲ್ಬರ್ಟ್ ಜೇಬಿನಿಂದ ಡಬ್ಬಿ ತೆಗೆದು ತೋರಿಸಿ, ಅದನ್ನು ಮೇಜಿನ ಮೇಲೆ ಗುಂಡಿನ ಡಬ್ಬಿಯ ಪಕ್ಕದಲ್ಲೇ ಇಟ್ಟ. ತಪ್ಪಾದದ್ದು ಅಲ್ಲಿಂದ. ಕ್ಲೆಮೆಂಟ್ ಒಂದು ಸಲ ಸೀಟಿ ಊದಿದ. ಡೆಲ್ಬರ್ಟ್ ಕಣ್ಣನ್ನು ದಿಬ್ಬದ ಮೇಲಿಟ್ಟು ಗತ್ತಿನಿಂದ ಡಬ್ಬಿಗೆ ಕೈ ಹಾಕಿದ. ಕೈಗೆ ಬಂದದ್ದು ತಣ್ಣಗಿತ್ತು, ನುಣ್ಣಗಿತ್ತು, ಬೆರಳಿಗೆ ಸುತ್ತಿಕೊಂಡಿತು.

"ಅದನ್ನ ತುಂಬಿದ್ರೆ ತಟ್ಟೆ ಬೀಳಲ್ಲ ಡೆಲ್, ಮೀನು ಬೀಳುತ್ತೆ!" ಎಂದು ಪಕ್ಕದ ಮೇಜಿನಿಂದ ವಾಲ್ಟ್ ಕೂಗಿದ. ಮಾಡಿನ ತಗಡೆಲ್ಲ ನಡುಗುವ ಹಾಗೆ ಜನ ನಕ್ಕರು. ಕ್ಲೆಮೆಂಟ್ ಮಾತ್ರ ನಗಲಿಲ್ಲ. ಅದು ಡೆಲ್ಬರ್ಟನಿಗೆ ಇನ್ನೂ ಉರಿಯಿತು.

ಎರಡು ಸೀಟಿ. ಡೆಲ್ಬರ್ಟ್ ಹೊಡೆದ. ಒಂದು, ಎರಡು, ಮೂರು. ಆಹಾ, ಅಗುಳಿಯೂ ಇಲ್ಲ, ಎಳೆದಾಟವೂ ಇಲ್ಲ! ನಾಲ್ಕನೆಯದರ ಖಾಲಿ ತೋಟಾ ಪಕ್ಕದ ಕಂಬಕ್ಕೆ ಬಡಿದು ಚಿಮ್ಮಿ, ಸುಡುತ್ತಲೇ ಅವನ ಅಂಗಿಯ ಕೊರಳಿನೊಳಗೆ ಇಳಿಯಿತು. ಬಂದೂಕಿನ ಬಾಯಿ ದಿಬ್ಬ ಬಿಟ್ಟು ತಿರುಗಬಾರದೆಂಬುದು ಅವನ ಅಪ್ಪ ಕಿವಿ ಹಿಂಡಿ ಕಲಿಸಿದ್ದ ಪಾಠ. ಹಾಗಾಗಿ ಬೆರಳು ತೆಗೆದ. ಅವನ ಸೊಂಟದ ಮೇಲಿನ ಭಾಗ ಕಲ್ಲಿನ ವಿಗ್ರಹದ ಹಾಗೆ ದಿಬ್ಬ ನೋಡುತ್ತ ನಿಂತಿತು. ಸೊಂಟದ ಕೆಳಗಿನ ಭಾಗ ಪೋಲ್ಕಾ ಕುಣಿತ ಕುಣಿಯಿತು.

ಉದ್ದನೆಯ ಸೀಟಿ. ಎಲ್ಲರೂ ಖಾಲಿ ಮಾಡಿಟ್ಟು ಗೆರೆಯ ಹಿಂದೆ. ಡೆಲ್ಬರ್ಟ್ ಬಂದೂಕಿಟ್ಟು, ಅಂಗಿ ಎತ್ತಿ, ತೋಟಾ ಉದುರಿಸಿಕೊಂಡ.

ಕ್ಲೆಮೆಂಟ್ ಹತ್ತಿರ ಬಂದ. ನಾಲ್ಕು ಗುಂಡು ಎಲ್ಲಿ ಬಿದ್ದಿವೆ ಎಂದು ದುರ್ಬೀನಿನಲ್ಲಿ ನೋಡಿದ. ಆಮೇಲೆ ಡೆಲ್ಬರ್ಟನ ಗುಂಡಿನ ಡಬ್ಬಿ ಎತ್ತಿ ಮೂಸಿದ.

"ಈ ಜಾತಿ ಬಂದೂಕಿಗೆ ನಾಲಿಗೆ ರುಚಿ ಜಾಸ್ತಿ ಡೆಲ್. ಈ ಅಗ್ಗದ ಗುಂಡು ಹಾಕಿದ್ರೆ ನಡುವೆ ಸಿಕ್ಕಿಹಾಕಿಕೊಳ್ಳುತ್ತೆ. ನನ್ನ ಡಬ್ಬಿ ತಗೋ."

"ನನ್ನದೇ ಸಾಕು."

"ತಗೋ ಅಂದ್ರೆ ತಗೋ ಮಾರಾಯ. ಆ ಕೆಂಪು ಚುಕ್ಕೆನೂ ಒಂದೆರಡು ಹಲ್ಲು ಎಡಕ್ಕೆ ತಿರುಗಿಸು."

ಡೆಲ್ಬರ್ಟ್ ಹೆಂಡತಿಯ ಹತ್ತಿರ ಹೋಗಿ ಪಿಸುಗುಟ್ಟಿದ. "ನೋಡಿದ್ಯಾ ಅವನ ಕುತಂತ್ರ? ಕೆಟ್ಟ ಗುಂಡು ಕೊಟ್ಟು ನನ್ನ ಸೋಲಿಸೋ ಹುನ್ನಾರ."

"ನಿನ್ನನ್ನ ಸೋಲಿಸೋಕೆ ಯಾರಿಗಾದ್ರೂ ಹುನ್ನಾರ ಬೇಕಾ?" ಎಂದಳು ಅರ್ಲೀನ್.

ಮುಂದಿನ ಸರದಿಯಲ್ಲಿ ಅವನ ಗುಂಡು ಎರಡು ಸಲ ಸಿಕ್ಕಿಹಾಕಿಕೊಂಡಿತು. ಹಲ್ಲು ಕಚ್ಚಿಕೊಂಡು ಕ್ಲೆಮೆಂಟನ ಗುಂಡು ಹಾಕಿ ನೋಡಿದ. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ನಡೆಯಿತು. ಚುಕ್ಕೆಯನ್ನು ಎಡಕ್ಕೆ ತಿರುಗಿಸಿದ, ಗುಂಡು ಹೋಗಿ ನಟ್ಟನಡುವೆ ಕೂತಿತು. ಓಹೋ, ಕನಿಕರ ತೋರಿಸುತ್ತಿದ್ದಾನೆ! ಗೆದ್ದೇ ಗೆಲ್ಲುತ್ತೇನೆಂಬ ಸೊಕ್ಕು ಇದ್ದವನು ತಾನೇ ಎದುರಾಳಿಗೆ ಗುಂಡು ದಾನ ಮಾಡುವುದು? ಡೆಲ್ಬರ್ಟನ ಕಿವಿಯ ತುದಿ ಕೆಂಪಾಯಿತು.

ಊಟವಾದ ಮೇಲೆ ಪಂದ್ಯ ಶುರುವಾಯಿತು. ತಟ್ಟೆಗಳಿಗೆ ಹೊಸದಾಗಿ ಬಿಳಿ ಬಣ್ಣ ಬಳಿದಿದ್ದರು. ಮೊದಲು ವಾಲ್ಟ್. ಅವನು ತಟ್ಟೆಗಳನ್ನು ಬಿಟ್ಟು ಅವುಗಳ ನಡುವಿನ ಸಂದುಗಳಿಗೆಲ್ಲ ಗುರಿ ಇಟ್ಟಂತೆ ಹೊಡೆದು, "ವಯಸ್ಸಾಯ್ತು, ಕೈ ನಡುಗುತ್ತೆ," ಎಂದು ನಗುತ್ತ ಬಂದ. ಶೆರೀಫ್ ಸಾಹೇಬರು ಮಧ್ಯದಲ್ಲೇ ಗುಂಡು ಮುಗಿಸಿಕೊಂಡು ಅಯ್ಯೋ ಎಂದರು. ಡಾಟಿ ಐದು ಉರುಳಿಸಿ, ಆರನೆಯದರ ಮೇಲೆ ಕೂತಿದ್ದ ಮಿಡತೆಗೆ ನೋವಾಗಬಾರದೆಂದು ನಿಲ್ಲಿಸಿಬಿಟ್ಟಳು. ಆ ಮಿಡತೆ ಬೇರೆ ಯಾರ ಕಣ್ಣಿಗೂ ಬೀಳಲಿಲ್ಲ.

ಕ್ಲೆಮೆಂಟನ ಸರದಿ ಬಂತು. ಸೀಟಿಯನ್ನು ಪಾದ್ರಿಯವರ ಕೈಗೆ ಕೊಟ್ಟು, ಕಿತ್ತಳೆ ಅಂಗಿ ಕಳಚಿ, ಬಂದೂಕು ಎತ್ತಿಕೊಂಡ. ಡೆಲ್ಬರ್ಟ್ ಉಗುರು ಕಚ್ಚಿದ. ಎರಡು ಸೀಟಿಯಾದದ್ದೇ ತಡ, ತಟ್ಟೆಗಳು ಟಣ್ ಟಣ್ ಎಂದು ಒಂದರ ಹಿಂದೊಂದು ಬಿದ್ದವು. ಒಂಬತ್ತು ಮಲಗಿದವು, ಒಂದು ಉಳಿಯಿತು. ಕ್ಲೆಮೆಂಟ್ ತಡೆದ. ಹೊಡೆದ, ದಿಬ್ಬದಲ್ಲಿ ಮಣ್ಣು ಹಾರಿತು. ಮತ್ತೆ ಹೊಡೆದ, ಇನ್ನೂ ದೂರದಲ್ಲಿ ಮಣ್ಣು ಹಾರಿತು. ಬಂದೂಕನ್ನು ಮೇಜಿನ ಮೇಲಿಟ್ಟು ಕನ್ನಡಕ ತೆಗೆದು, ಉಸಿರೂದಿ, ನಿಧಾನವಾಗಿ ಒರೆಸಿದ.

"ಬಿಸಿಲು ಕಣ್ಣಿಗೆ ಹೊಡೀತಾ ಇದೆ," ಎಂದ.

ಬೆಳಗ್ಗೆಯಿಂದ ಮೋಡ ಕವಿದಿತ್ತು. ಆದರೆ ಡೆಲ್ಬರ್ಟನಿಗೆ ಮೇಲೆ ನೋಡುವಷ್ಟು ಪುರಸೊತ್ತೆಲ್ಲಿ?

ಕೊನೆಯವನು ಅವನೇ. ಮೇಜಿನ ಮುಂದೆ ನಿಂತ. ಹಿಂದೆ ಅರ್ಲೀನ್ ಸೌಟು ಕೆಳಗಿಟ್ಟಳು. ಬೂದು ಬಂದೂಕು ಭುಜಕ್ಕೆ ಏರಿತು, ಕೆನ್ನೆ ಕೂತಿತು, ಕೆಂಪು ಚುಕ್ಕೆ ಮೊದಲ ತಟ್ಟೆಯ ಮೇಲೆ ನಿಂತಿತು. ಪ್ರತಿ ತಟ್ಟೆಯಲ್ಲೂ ಅವನಿಗೆ ಕಂಡದ್ದು ಹಿತ್ತಾಳೆಯ ಸೀಟಿ. ಟಣ್. ಟಣ್. ಮಧ್ಯೆ ಒಂದು ತಪ್ಪಿತು, ಹಿಂದೆಯಿಂದ "ನಿಧಾನ ಡೆಲ್, ನಿಧಾನ ಕಣಪ್ಪ!" ಎಂದು ಊರೇ ಒಂದು ಬಾಯಲ್ಲಿ ಗೋಗರೆಯಿತು. ಆ ಕೂಗಿನಲ್ಲಿ ಕ್ಲೆಮೆಂಟನ ದನಿಯೂ ಇತ್ತು. ಟಣ್. ಟಣ್. ಕೊನೆಯ ತಟ್ಟೆ ಒಂದು ಕ್ಷಣ ಓಲಾಡಿತು. ಯಾರೋ ಪ್ರಾರ್ಥನೆ ಮಾಡಿದರು. ತಟ್ಟೆ ಬಿತ್ತು.

ಎಂಥಾ ಕೇಕೆ! ಟೋಪಿಗಳು ತಗಡಿಗೆ ಬಡಿದವು. ಡಾಟಿ ಬಂದು ಅವನ ಎರಡೂ ಕೆನ್ನೆಗೆ ಮುತ್ತಿಟ್ಟಳು. ವಾಲ್ಟ್ ಶೆರೀಫರನ್ನು ಅಪ್ಪಿಕೊಂಡು ಕುಣಿದ. ಅವರಿಬ್ಬರು ಒಂದು ನಾಯಿಯ ವಿಷಯಕ್ಕೆ ವರ್ಷಾನುಗಟ್ಟಲೆ ಮಾತು ಬಿಟ್ಟವರು. ಕ್ಲೆಮೆಂಟ್ ಕಣ್ಣಲ್ಲಿ ನೀರು ತಂದುಕೊಂಡು, ಕಿತ್ತಳೆ ಅಂಗಿಯನ್ನು ಡೆಲ್ಬರ್ಟನಿಗೆ ತೊಡಿಸಿ, ಸೀಟಿಯನ್ನು ಕೊರಳಿಗೆ ಹಾಕಿದ. ಪಾಪ, ಸೋತ ಸಂಕಟ ಎಂದುಕೊಂಡ ಡೆಲ್ಬರ್ಟ್. ಆ ಕಣ್ಣೀರು ಅವನಿಗೆ ಪೈಗಿಂತ ಸಿಹಿಯಾಗಿತ್ತು.

ಪಂದ್ಯ ಮುಗಿದ ಮೇಲೆ ಸಂಜೆಯವರೆಗೆ ಯಾರು ಬೇಕಾದರೂ ಮೋಜಿಗೆ ಹೊಡೆಯಬಹುದು. ಡೆಲ್ಬರ್ಟ್ ಮೊದಲ ಕೆಲಸವಾಗಿ, ಏನೂ ಕಾರಣವಿಲ್ಲದೆ, ಉದ್ದಕ್ಕೆ ಊದಿದ. ಎಲ್ಲರೂ ಗೆರೆಯ ಹಿಂದೆ ಹೋಗಿ ನಿಂತರು. ಪಾದ್ರಿ ನಿಂತರು. ಮೇಲಧಿಕಾರಿ ನಿಂತ. ಅರ್ಲೀನ್ ಕಾಲು ಜೋಡಿಸಿ ನಿಂತಳು. ಡೆಲ್ಬರ್ಟ್ ಅವಳ ಮುಂದೆ ಎರಡು ಸಲ ಅಡ್ಡಾಡಿದ.

ಆಮೇಲೆ ಒಂದು ಸಲ ಊದಿ, ತನ್ನ ಬೂದು ಬಂದೂಕಿನ ಹತ್ತಿರ ಹೋಗಿ ಗುಂಡು ತುಂಬಲು ಕೈ ಚಾಚಿದ. ವಾಲ್ಟ್ ಆ ಕೈಯನ್ನು ಹಿಡಿದುಕೊಂಡ.

"ಏನು ಮಾಡ್ತಾ ಇದೀಯ?"

"ನನ್ನ ಹೊಸ ಬಂದೂಕಲ್ಲಿ ಸ್ವಲ್ಪ ಹೊಡೀತೀನಿ."

"ಸೀಟಿ ಕೊರಳಲ್ಲಿದ್ದೋನು ಇಲ್ಲಿ ಬಂದೂಕು ಮುಟ್ಟೋ ಹಾಗಿಲ್ಲ ಕಣಯ್ಯ. ಉಳಿದೋರ ಮೇಲೆ ಕಣ್ಣಿಡೋನು ತಾನೇ ಹೊಡೀತಾ ನಿಂತ್ರೆ ನೋಡೋರ್ಯಾರು?"

"ಇವತ್ತೊಂದು ದಿನ ತಾನೇ?"

"ವರ್ಷಪೂರ್ತಿ. ಮುಂದಿನ ಪಂದ್ಯದ ತನಕ."

"ಆದರೆ ಕ್ಲೆಮೆಂಟ್..."

"ಕ್ಲೆಮೆಂಟ್ ಒಂದು ಭಾನುವಾರವಾದ್ರೂ ಹೊಡೆದಿದ್ದು ನೋಡಿದ್ದೀಯಾ?"

ಡೆಲ್ಬರ್ಟ್ ಯೋಚಿಸಿದ. ನಾಲ್ಕು ವರ್ಷದ ಭಾನುವಾರಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದ. ಎಲ್ಲದರಲ್ಲೂ ಸೀಟಿ ಇತ್ತು, ಕಿತ್ತಳೆ ಅಂಗಿ ಇತ್ತು, ಬೆನ್ನಿಗೆ ಕಟ್ಟಿಕೊಂಡ ಎರಡು ಕೈಗಳಿದ್ದವು. ಆ ಕೈಗಳಲ್ಲಿ ಬಂದೂಕು ಮಾತ್ರ ಎಲ್ಲೂ ಇರಲಿಲ್ಲ.

"ನಾಲ್ಕು ವರ್ಷ ಡೆಲ್," ಎಂದ ಕ್ಲೆಮೆಂಟ್, ಕೈಕಾಲುಗಳನ್ನು ಜೈಲಿಂದ ಬಂದವನ ಹಾಗೆ ಸಡಿಲಿಸುತ್ತ. "ಮಳೇಲಿ ನಿಂತೆ, ಹಿಮದಲ್ಲಿ ನಿಂತೆ. ನನ್ನ ಬಂದೂಕು ಮನೇಲಿ ನನ್ನ ಮುಖ ನೋಡ್ತಾ ಅಳ್ತಿತ್ತು. ಹೋದ ವರ್ಷ ಸೋತೇಬಿಡೋಣ ಅಂತ ಬೇಕಂತಲೇ ಎರಡು ತಟ್ಟೆ ಬಿಟ್ಟೆ. ಡಾಟಿ ಐದು ಬಿಟ್ಳು! ಪಾದ್ರಿಯವರು ಏಳು ಬಿಟ್ರು, ದೇವರ ಆಣೆ! ಇವರಷ್ಟು ಚೆನ್ನಾಗಿ ತಪ್ಪಿಸೋಕೆ ನನ್ನ ಕೈಲಿ ಆಗಲ್ಲ."

ಪಾದ್ರಿಯವರು ಮೋಡ ನೋಡಿದರು.

"ಗೆಲ್ಲಲೇಬೇಕು ಅಂತ ಹೊಡೆಯೋನು ಊರಲ್ಲಿ ನೀನೊಬ್ಬನೇ ಉಳಿದಿದ್ದೆ," ಎಂದಳು ಡಾಟಿ ಸಮಾಧಾನವಾಗಿ. "ಆದರೆ ನಿಮ್ಮಪ್ಪನ ಬಂದೂಕಲ್ಲಿ ನೀನು ಗೆಲ್ಲೋದು ಯಾವ ಕಾಲಕ್ಕೆ? ಅದಕ್ಕೇ ಒಂದು ಒಳ್ಳೇದು ಕೊಡಿಸಬೇಕಾಯ್ತು."

ಡೆಲ್ಬರ್ಟ್ ಅರ್ಲೀನಳ ಕಡೆ ತಿರುಗಿದ. "ನಿನಗೂ ಗೊತ್ತಿತ್ತಾ?"

"ನನಗೇನು ಗೊತ್ತು?" ಎಂದಳು ಅರ್ಲೀನ್. "ಡೆಲ್‌ನ ಕುರ್ಚಿಯಿಂದ ಎಬ್ಬಿಸೋದು ಹೇಗೆ ಅಂತ ಕ್ಲೆಮೆಂಟ್ ಕೇಳಿದ್ರು. ಹೊಟ್ಟೆ ಉರಿಸಿ, ತಾನೇ ಏಳ್ತಾನೆ ಅಂದೆ. ಅಷ್ಟೇ."

ಸ್ಟೋನಿ ಫೋರ್ಕಿನಲ್ಲಿ ಹೊಸ ಬಂದೂಕು ತಂದವನು, ಒಮ್ಮೆ ಹೊಡೆದು ನೋಡಲೇ ಎಂದು ಕೇಳಿದವರಿಗೆ ಇಲ್ಲ ಎನ್ನುವುದಿಲ್ಲ. ಇಲ್ಲ ಎಂದವನ ಮನೆಗೆ ಆಮೇಲೆ ಯಾರೂ ಪೈ ಕಳಿಸುವುದಿಲ್ಲ. ಕ್ಲೆಮೆಂಟ್ ಬೂದು ಬಂದೂಕನ್ನು ಎರಡೂ ಕೈಯಲ್ಲಿ ಕೂಸಿನ ಹಾಗೆ ಎತ್ತಿಕೊಂಡು, "ನೀನಂತೂ ಇದನ್ನ ಮುಟ್ಟೋ ಹಾಗಿಲ್ಲ. ಒಂದೇ ಒಂದು ಸಲ, ಡೆಲ್?" ಎಂದ.

ಡೆಲ್ಬರ್ಟ್ ತಲೆಯಾಡಿಸಿದ. ಅಡ್ಡಕ್ಕೋ ಉದ್ದಕ್ಕೋ ಅವನಿಗೇ ತಿಳಿಯಲಿಲ್ಲ. ಬಂದೂಕುಗಳನ್ನೆಲ್ಲ ಖಾಲಿ ಮಾಡಿಟ್ಟು, ತಟ್ಟೆಗಳನ್ನು ಎತ್ತಿ ನಿಲ್ಲಿಸಿದರು. ಡೆಲ್ಬರ್ಟ್ ಒಂದು ಸಲ ಊದಿದ, ಎರಡು ಸಲ ಊದಿದ. ಸಾಲಿನ ಎಲ್ಲ ಮೇಜುಗಳಿಂದ ಗುಂಡು ಹಾರತೊಡಗಿದವು. ಕ್ಲೆಮೆಂಟ್ ಭುಜಕ್ಕೇರಿಸಿ, ಒಂದು ಉಸಿರಿನಲ್ಲಿ, ಒಂದೂ ತಪ್ಪದೆ ತನ್ನೆದುರಿನ ಹತ್ತು ತಟ್ಟೆಗಳನ್ನು ಜೋಳದ ಕಾಳು ಉದುರಿಸಿದ ಹಾಗೆ ಉದುರಿಸಿದ. ಡೆಲ್ಬರ್ಟ್ ತೆಗೆದುಕೊಂಡ ಸಮಯದ ಅರ್ಧದಲ್ಲಿ. ಡೆಲ್ಬರ್ಟನದೇ ಬಂದೂಕಿನಲ್ಲಿ.

"ಅಬ್ಬಾ! ಎಷ್ಟು ಚೆನ್ನಾಗಿ ಹೊಡೀತಾರೆ!" ಎಂದಳು ಅರ್ಲೀನ್, ಎರಡೂ ಕೈ ಎದೆಗಿಟ್ಟುಕೊಂಡು. "ಆ ಬಂದೂಕು ಅವರ ಕೈಗೆ ಏನು ಒಪ್ಪುತ್ತೆ!"

ಡೆಲ್ಬರ್ಟನ ಹೊಟ್ಟೆಯ ತಳದಿಂದ ಒಂದು ನಿಟ್ಟುಸಿರು ಎದ್ದಿತು. ಅದು ಎದೆ ದಾಟಿತು, ಗಂಟಲು ದಾಟಿತು, ತುಟಿಗಳ ನಡುವೆ ಅಲ್ಲೇ ಕಚ್ಚಿಕೊಂಡಿದ್ದ ಹಿತ್ತಾಳೆಯ ಸೀಟಿಯೊಳಗೆ ಹೊಕ್ಕು, ಗಣಿಯ ಕಲ್ಲುಗಳೆಲ್ಲ ಮಾರ್ದನಿಗೊಡುವಂತೆ ಉದ್ದಕ್ಕೆ, ಬಹಳ ಉದ್ದಕ್ಕೆ ಹೊರಬಿತ್ತು.

ಗುಂಡಿನ ಸದ್ದು ತಟ್ಟನೆ ನಿಂತಿತು. ಬಂದೂಕುಗಳೆಲ್ಲ ಖಾಲಿಯಾಗಿ ಮೇಜಿನ ಮೇಲೆ ಮಲಗಿದವು. ಊರಿಗೆ ಊರೇ ಗಾಬರಿಯಿಂದ ಹಿಂದಕ್ಕೆ ಜಿಗಿದು ಹಳದಿ ಗೆರೆಯಾಚೆ ನಿಂತು, ಏನು ಅಪಾಯವೋ ಎಂದು ಅವನನ್ನೇ ನೋಡಿತು.

"ಏನಾಯ್ತು ಡೆಲ್?" ಶೆರೀಫರು ಕೇಳಿದರು.

ಡೆಲ್ಬರ್ಟ್ ಸೀಟಿಯನ್ನು ಬಾಯಿಂದ ತೆಗೆದ.

"ಏನಿಲ್ಲ," ಎಂದ. "ಉಸಿರು ಬಿಟ್ಟೆ."

ಕ್ಲೆಮೆಂಟ್ ಮರುಕದಿಂದ ಅವನ ಕಡೆ ನೋಡಿದ. "ಇನ್ನೊಂದು ವರ್ಷ ಮೂಗಲ್ಲಿ ಬಿಡೋದು ಅಭ್ಯಾಸ ಮಾಡ್ಕೋ ಮಾರಾಯ."